ಮಿಲ್ಟ್ರಿ ಮನೆಯ ಗಿಡ್ಡ ಕಂಬ

ಮೊದಲ ದಿನ

ಬೆಂಗಳೂರಿನಿಂದ ಹಾಸನಕ್ಕೆ ಬೈಕಿನಲ್ಲಿ ಹೋಗುವುದು ಈಗ ಕಷ್ಟವೇನಲ್ಲ. ನೆಲಮಂಗಲ ದಾಟಿದರೆ ರಸ್ತೆ ಅಗಲ, ಸುಮ್ನೆ ಹೋಗ್ತಾ ಇರಬಹುದು. ಹಿರೀಸಾವೆ ಹತ್ತಿರ ತಿಂದ ಬಿಸಿ ಇಡ್ಲಿ, ಚನ್ನರಾಯಪಟ್ಟಣದ ಆಸುಪಾಸಿನ ತೆಂಗಿನ ತೋಟಗಳು, ಅಷ್ಟು ಬಿಟ್ಟರೆ ಹಾಸನದವರೆಗೆ ಹೇಳುವಂಥದ್ದು ಜಾಸ್ತಿ ಇಲ್ಲ. ನಮ್ಮ ಪ್ರವಾಸ ನಿಜವಾಗಿ ಶುರುವಾಗಿದ್ದು ಆಲೂರು ದಾಟಿದ ಮೇಲೆ.

ಡಿಸೆಂಬರ್ 15ರ ಸಂಜೆ. ಐದೂವರೆ ಇರಬೇಕು. ಕಾಫಿ ಗಿಡಗಳು ಎರಡೂ ಕಡೆಯಿಂದ ರಸ್ತೆಗೆ ಬಾಗಿದ್ದವು. ಬಿಸಿಲು ಸಿಲ್ವರ್ ಓಕ್ ಮರಗಳ ತುದಿಯಲ್ಲಿ ಮಾತ್ರ ಉಳಿದಿತ್ತು. ಹಿಂದೆ ಕೂತಿದ್ದ ಗೆಳೆಯ ಫೋನ್ ನೋಡಿ ಬೆನ್ನು ತಟ್ಟಿದ. "ನಿಲ್ಲಿಸು, ಮುಂದೆ ಆನೆ ಇದಾವಂತೆ."

ಆಲೂರು, ಸಕಲೇಶಪುರದ ಕಡೆಯವರಿಗೆ ಇದು ದಿನದ ಸುದ್ದಿ. ಗುಂಪು ಯಾವ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ತಿಳಿಸುತ್ತಾರೆ. ಅದನ್ನು ನೋಡಿಕೊಂಡೇ ಜನ ತೋಟಕ್ಕೆ ಹೋಗುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಈ ಕಡೆ ಬರುವವರು ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳುವುದು ಒಳ್ಳೆಯದು. ದಾರಿಯ ಅಂಗಡಿಗಳಲ್ಲಿ ಒಮ್ಮೆ ಕೇಳಿ ಮುಂದೆ ಹೋದರೆ ಇನ್ನೂ ಒಳ್ಳೆಯದು. ನಾವು ಹೊರಟಿದ್ದೇ ತಡವಾಗಿತ್ತು. ತಿರುವಿನಲ್ಲಿದ್ದ ಒಂದು ಸಣ್ಣ ಅಂಗಡಿಯಲ್ಲಿ ಎರಡು ಗಂಟೆ ಕೂತೆವು.

ಅಂಗಡಿಯ ಹೆಂಗಸು ಶುಂಠಿ ಜಜ್ಜಿ ಹಾಕಿ ಟೀ ಕೊಟ್ಟರು. ಯಾರ ಮನೆಗೆ ಎಂದು ಕೇಳಿದರು. ಗೆಳೆಯ ಹೇಳುವ ಮೊದಲೇ ಅವನ ಮುಖ ನೋಡಿ, "ಓ, ಮಿಲ್ಟ್ರಿ ಮನೆ ಮೊಮ್ಮಗ ಅಲ್ವಾ?" ಅಂದರು. ಆ ಸುತ್ತಿನಲ್ಲಿ ಆ ಮನೆಗೆ ಬೇರೆ ಹೆಸರೇ ಇಲ್ಲ. ಅಜ್ಜನ ಹೆಸರು ಕೇಳಿದರೆ ಯೋಚನೆ ಮಾಡುತ್ತಾರೆ, ಮಿಲ್ಟ್ರಿ ಅಜ್ಜ ಎಂದರೆ ದಾರಿ ತೋರಿಸುತ್ತಾರೆ.

"ಹಳ್ಳದ ಸಂಕ ಹಾಕಿದ್ದು ಅವರೇ ಕಣಪ್ಪ" ಎಂದು ಆಕೆ ಶುರು ಮಾಡಿದರು. "ಮಳೆಗಾಲದಲ್ಲಿ ನಾವು ಶಾಲೆಗೆ ಹೋಗಂಗೇ ಇರಲಿಲ್ಲ. ಮಿಲ್ಟ್ರಿಯಿಂದ ಬಂದ ವರ್ಷಾನೇ ಮೂರು ಮರ ಕಡಿಸಿ, ಊರ ಹುಡುಗ್ರನ್ನೆಲ್ಲ ಸೇರಿಸ್ಕೊಂಡು ಹಾಕಿದ್ರು. ನಾನೂ ಹಗ್ಗ ಹಿಡ್ಕೊಂಡಿದ್ದೆ. ಈಗ ಸಿಮೆಂಟಿಂದು ಆಗಿದೆ. ಆದ್ರೂ ಮಿಲ್ಟ್ರಿ ಸಂಕ ಅಂತಾನೇ ಕರೆಯೋದು."

ಏಳೂವರೆಗೆ ದಾರಿ ಬಿಟ್ಟಿತು. ತೋಟದೊಳಗಿನ ಮಣ್ಣು ರಸ್ತೆಯಲ್ಲಿ ಆನೆ ಲದ್ದಿ ಇನ್ನೂ ಹೊಗೆಯಾಡುತ್ತಿತ್ತು. ಮುರಿದ ಬೈನೆ ಮರ ಅರ್ಧ ದಾರಿಗೆ ಅಡ್ಡ ಬಿದ್ದಿತ್ತು. ನಾವು ಮಾತಾಡದೆ ಬೈಕ್ ತಳ್ಳಿಕೊಂಡು ಹೋದೆವು.

ಅಜ್ಜ ಜಗಲಿಯ ಮೇಲೆ ಬ್ಯಾಟರಿ ಹಿಡಿದು ನಿಂತಿದ್ದರು. ಎಪ್ಪತ್ತೇಳು ವರ್ಷ. ಬೆನ್ನು ಬಾಗಿಲ್ಲ. ಮೊದಲ ಮಾತು, "ಊಟ ಆರ್ತಾ ಇದೆ, ಕೈ ತೊಳ್ಕೊಳಿ." ಅಕ್ಕಿ ಕಡುಬು, ನಾಟಿಕೋಳಿ ಸಾರು. ಮಲೆನಾಡಿನ ಚಳಿಗೆ ಅದಕ್ಕಿಂತ ಸರಿಯಾದ ಊಟ ನನಗೆ ಗೊತ್ತಿಲ್ಲ. ಅಜ್ಜಿ ಎಲೆ ಖಾಲಿಯಾಗಲು ಬಿಡಲಿಲ್ಲ.

ಊಟ ಮಾಡುತ್ತಾ ಕೂತಾಗಲೇ ನಾನು ಕಂಬ ನೋಡಿದ್ದು. ಹಳೆಯ ತೊಟ್ಟಿಮನೆ ಅದು. ತೊಟ್ಟಿಯ ಸುತ್ತ ಹಲಸಿನ ಮರದ ಕಂಬಗಳು, ಕಪ್ಪಗೆ, ಒಂದೇ ಎತ್ತರ. ಅಡುಗೆಮನೆ ಬಾಗಿಲ ಪಕ್ಕದ ಒಂದು ಮಾತ್ರ ಬೇರೆ. ಬಣ್ಣ ಬೇರೆ, ಕೆತ್ತನೆ ಬೇರೆ, ಒಂದು ಮೊಳ ಗಿಡ್ಡ. ಎತ್ತರ ಸರಿಹೋಗಲಿ ಎಂದು ಅದರ ಕೆಳಗೆ ಚಪ್ಪಡಿ ಕಲ್ಲು ಕೊಟ್ಟಿದ್ದರು. ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಸಾರು ಬಂತು.

ಅಟ್ಟದ ಕೋಣೆಯಲ್ಲಿ ನಮಗೆ ಹಾಸಿಗೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ನೀರು ಕುಡಿಯಲು ಕೆಳಗೆ ಬಂದೆ. ಅಜ್ಜ ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಅಜ್ಜಿ ಒಳಗಿನಿಂದ ಮೆಲ್ಲಗೆ ಹೇಳಿದರು, "ಮಾತಾಡಿಸ್ಬೇಡ ಮಗ. ಇವತ್ತು ರಾತ್ರಿ ಅವರು ಮಲಗಲ್ಲ. ಪ್ರತಿ ವರ್ಷ ಹಿಂಗೇ."

ಎರಡನೇ ದಿನ

ಡಿಸೆಂಬರ್ 16. ಇಡೀ ದೇಶದಲ್ಲಿ ವಿಜಯ ದಿವಸ. 1971ರಲ್ಲಿ ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾದ ದಿನ, 93 ಸಾವಿರ ಜನ ಸೆರೆ ಸಿಕ್ಕ ದಿನ. ನಾನು ಬಂದಿದ್ದೇ ಈ ದಿನ ಆ ಮನೆಯಲ್ಲಿರಬೇಕು ಎಂದು. ಅಜ್ಜ ಪದಕ ಹಾಕಿಕೊಳ್ಳುತ್ತಾರೆ, ಯಾರಾದರೂ ಹಾರ ತರುತ್ತಾರೆ, ಎಂದೆಲ್ಲ ಅಂದುಕೊಂಡಿದ್ದೆ. ಎದ್ದು ಬಂದಾಗ ಅವರು ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು.

ಮಂಜು ಎಷ್ಟಿತ್ತೆಂದರೆ ಕಣದ ಆಚೆ ತುದಿಯ ಕೆಲಸದವರು ಮಾತಿನಲ್ಲಿ ಮಾತ್ರ ಗೊತ್ತಾಗುತ್ತಿದ್ದರು. ಅರೇಬಿಕಾ ಕೊಯ್ಲು ಜೋರಾಗಿರುವ ತಿಂಗಳು. ಬೆಳಿಗ್ಗೆ ಅಕ್ಕಿರೊಟ್ಟಿ, ಹಿದುಕಿದ ಅವರೆಕಾಳಿನ ಸಾರು, ಬೆಲ್ಲದ ಕಾಫಿ. ಆಮೇಲೆ ನಾವೂ ಬುಟ್ಟಿ ಕಟ್ಟಿಕೊಂಡು ತೋಟಕ್ಕೆ ಹೋದೆವು. ಹಣ್ಣು ಮಾತ್ರ ಬಿಡಿಸಬೇಕು, ಹಸಿರು ಕಾಯಿ ಬಿಡಬೇಕು, ಕೊಂಬೆ ಎಳೆಯಬಾರದು. ಮಧ್ಯಾಹ್ನದವರೆಗೆ ನನಗೆ ಅರ್ಧ ಬುಟ್ಟಿ ತುಂಬಿತು. ಪಕ್ಕದ ಸಾಲಿನ ಹೆಂಗಸು ಮೂರು ಬುಟ್ಟಿ ಸುರಿದು ಬಂದಿದ್ದರು.

ಮೂರು ಗಂಟೆಗೆ ಪಡುವಣ ಕಪ್ಪಾಯಿತು. ಡಿಸೆಂಬರಿನಲ್ಲಿ ಬರಬಾರದ ಮಳೆ. ಒಣಗುತ್ತಿರುವ ಕಾಫಿ ಒಮ್ಮೆ ನೆನೆದರೆ ಬೂಸ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ, ಬೆಲೆ ಬಿದ್ದೇ ಹೋಗುತ್ತದೆ. ವರ್ಷದ ದುಡಿಮೆ ಆ ಕಣದಲ್ಲಿ ಒಂದಂಗುಲ ದಪ್ಪಕ್ಕೆ ಹರಡಿರುತ್ತದೆ. ಅಜ್ಜ ಕಣದ ಮಧ್ಯ ನಿಂತು ಕೂಗಿದ ಆ ದನಿಯನ್ನು ನಾನು ಮರೆಯಲಾರೆ. ಗಾಬರಿಯ ದನಿ ಅಲ್ಲ ಅದು. "ನೀವಿಬ್ರು ಟಾರ್ಪಾಲ್! ನೀನು ಮೂಲೆ ಹಿಡಿ! ಎಡಗಡೆಯಿಂದ ಗುಡ್ಡೆ ಮಾಡಿ, ಎಡಗಡೆಯಿಂದ!" ಹತ್ತು ನಿಮಿಷದಲ್ಲಿ ಕಣವೆಲ್ಲ ನಾಲ್ಕು ಗುಡ್ಡೆಯಾಗಿ ಮುಚ್ಚಿಹೋಯಿತು. ಕೊನೆಯ ಕಲ್ಲು ಇಡುವಾಗ ನಾನು ಕೆಸರಿನಲ್ಲಿ ಜಾರಿ ಬಿದ್ದೆ. ಮಂಡಿ ಹರಿಯಿತು. ಮಳೆ ಅರ್ಧ ಗಂಟೆ ಸುರಿದು ನಿಂತಿತು.

ಅಜ್ಜಿ ಗಾಯಕ್ಕೆ ಅರಿಶಿನ ಹಚ್ಚಿದರು. ಎಲ್ಲರೂ ಜಗಲಿಯಲ್ಲಿ ಕೂತೆವು. ಆಗ ಅಜ್ಜ ತಾವಾಗಿಯೇ ಮಾತು ತೆಗೆದರು.

ಅವರು 1966ರಲ್ಲಿ, ಹದಿನೆಂಟನೇ ವಯಸ್ಸಿಗೆ ಸೇನೆ ಸೇರಿದವರು. ಬೆಂಗಳೂರಿನ ಹಲಸೂರು ಕೆರೆ ಪಕ್ಕದಲ್ಲಿರುವ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ. 1780ರಲ್ಲಿ ಶುರುವಾದ ಪಡೆ ಅದು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಮೈನ್ ಅಂದರೆ ನೆಲಬಾಂಬ್ ಹೂಳುವುದು, ಹೂತಿದ್ದನ್ನು ತೆಗೆಯುವುದು ಅವರ ಕೆಲಸ. ಅಲ್ಲಿ ಎಲ್ಲರೂ 'ತಂಬಿ'ಗಳೇ. ಹಾಸನದ ಹುಡುಗ ಮೊದಲು ತಮಿಳು ಕಲಿತ, ಆಮೇಲೆ ಹಿಂದಿ.

1971ರ ಡಿಸೆಂಬರಿನಲ್ಲಿ ಅವರು ಪಾಕಿಸ್ತಾನದ ಶಕರ್‌ಗಢದ ಕಡೆ ಇದ್ದರು. ಬಸಂತರ್ ಎಂಬ ನದಿ. ಅದರ ಆಚೆ ದಡದ ಹೊಲಗಳಲ್ಲೆಲ್ಲ ಮೈನ್. ಕಾಲಾಳುಗಳು 15ರ ರಾತ್ರಿ ದಾಟಿ ನೆಲೆ ಹಿಡಿದಿದ್ದರು. ಅವರ ಹಿಂದೆ ಟ್ಯಾಂಕ್ ಹೋಗಬೇಕು. ಟ್ಯಾಂಕಿಗೆ ದಾರಿ ಮಾಡಿಕೊಡಬೇಕಾದವರು ಸ್ಯಾಪರ್‌ಗಳು.

"ಅಮಾವಾಸ್ಯೆಗೆ ಎರಡು ದಿನ ಇತ್ತು. ಕೈ ಮುಂದೆ ಹಿಡಿದ್ರೆ ಕೈ ಕಾಣಲ್ಲ" ಅಂದರು. "ಬಾ ಇಲ್ಲಿ."

ಕಣದ ಅಂಚಿನ ಒದ್ದೆ ಮಣ್ಣಿನ ಹತ್ತಿರ ಕರೆದುಕೊಂಡು ಹೋದರು. ಒಂದು ಸಪೂರ ಕೋಲು ಕೊಟ್ಟು, ಹೊಟ್ಟೆ ಮೇಲೆ ಮಲಗು ಅಂದರು. ಮಲಗಿದೆ. "ಚುಚ್ಚು." ಚುಚ್ಚಿದೆ.

"ಸತ್ತೆ" ಅಂದರು ಅಜ್ಜ.

ನಾನು ಕೋಲನ್ನು ನೆಟ್ಟಗೆ ಇಳಿಸಿದ್ದೆ. ಮೈನಿನ ನೆತ್ತಿ ಒತ್ತಿದರೆ ಅದು ಸಿಡಿಯುತ್ತದೆ. ಹಾಗಾಗಿ ಕೋಲು ಓರೆಯಾಗಿ, ಸುಮಾರು ಮೂವತ್ತು ಡಿಗ್ರಿಯಲ್ಲಿ ಮಣ್ಣಿಗೆ ಹೋಗಬೇಕು. ಆಗ ಅದು ಮೈನಿನ ಮಗ್ಗುಲಿಗೆ ತಾಗುತ್ತದೆ. ತಾಗಿತು ಅಂದರೆ ನಿಲ್ಲಿಸಬೇಕು. ಬೆರಳಿನಿಂದ ಸುತ್ತಲಿನ ಮಣ್ಣು ಬಿಡಿಸಬೇಕು. ಸ್ವಲ್ಪವೇ ಜಾಗ ಬಿಟ್ಟು ಮತ್ತೆ ಚುಚ್ಚಬೇಕು. ಹೀಗೆ ಟ್ಯಾಂಕ್ ಅಗಲದ ದಾರಿ, ಎರಡೂ ಬದಿಗೆ ಬಿಳಿ ಪಟ್ಟಿ. ಮೇಲಿನಿಂದ ಶೆಲ್ ಬೀಳುತ್ತಲೇ ಇರುತ್ತದೆ. ಮುಂದೆ ಮೈನ್ ತೆಗೆಯುವ ಟ್ರಾಲ್ ಕಟ್ಟಿದ ಟ್ಯಾಂಕ್‌ಗಳೂ ಇದ್ದವು. ಆದರೂ ಮನುಷ್ಯನ ಕೈ ಬೇಕೇ ಬೇಕಿತ್ತು. ಆ ವಯಸ್ಸಿನಲ್ಲೂ ಅಜ್ಜ ಮಣ್ಣಿಗೆ ಮಂಡಿಯೂರಿ, ನನ್ನ ಮಣಿಕಟ್ಟು ಹಿಡಿದು, ಕೋಲಿನ ಓರೆ ಸರಿ ಮಾಡಿದರು. ಅವರ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ.

"ನಮ್ಮ ಕೆಲಸ ಅರ್ಧ ಆಗಿತ್ತು. ಅಷ್ಟರಲ್ಲಿ ಆ ಕಡೆಯಿಂದ ಅವರ ಟ್ಯಾಂಕ್ ಬರ್ತಾವೆ ಅಂತ ಸುದ್ದಿ. ಕಾಯೋಕೆ ಆಗಲ್ಲ ಅಂತ ನಮ್ಮ ಟ್ಯಾಂಕ್ ಪಡೆ ಪೂನಾ ಹಾರ್ಸ್‌ನೋರು ಮೈನ್ ಇದ್ದಂಗೇ ನುಗ್ಗಿದ್ರು." ಇಲ್ಲಿ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅವರಲ್ಲಿ ಒಬ್ಬ ಲೆಫ್ಟಿನೆಂಟು. ಹೆಸರು ಆಮೇಲೆ ಗೊತ್ತಾಗಿದ್ದು. ಇಪ್ಪತ್ತೊಂದು ವರ್ಷ ಅವನಿಗೆ. ನನಗೆ ಇಪ್ಪತ್ಮೂರು."

ಅರುಣ್ ಖೇತ್ರಪಾಲ್ ಅವರ ಬಗ್ಗೆ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. 16ರಂದು ಉರಿಯುತ್ತಿದ್ದ ಟ್ಯಾಂಕ್ ಬಿಟ್ಟು ಇಳಿಯದೆ ಹೋರಾಡಿ ಸತ್ತವರು. ಪರಮವೀರ ಚಕ್ರ ಬಂತು. ಅಜ್ಜ ಆ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ. "ನಾವು ಇನ್ನೊಂದು ಗಂಟೆ ಬೇಗ ಮುಗಿಸಿದ್ರೆ…" ಎಂದರು. ಮುಗಿಸಲಿಲ್ಲ. 15ರ ರಾತ್ರಿ ಅವರು ಯಾಕೆ ಮಲಗುವುದಿಲ್ಲ ಎಂದು ನಾನು ಮತ್ತೆ ಕೇಳಲಿಲ್ಲ.

ಪದಕ ತೋರಿಸಿ ಎಂದು ಮೊಮ್ಮಗ ಕೇಳಿದಾಗ ಒಳಗಿಂದ ಕಪ್ಪು ಟ್ರಂಕು ಬಂತು. ಸಂಗ್ರಾಮ್ ಮೆಡಲ್, ಪಶ್ಚಿಮಿ ಸ್ಟಾರ್. ಸಂಗ್ರಾಮ್ ಮೆಡಲಿನ ಅಂಚಿನಲ್ಲಿ ಅವರ ನಂಬರ್, ಹೆಸರು ಸಣ್ಣಗೆ ಕೊರೆದಿದೆ. ಎಲ್ಲ ಒಂದು ಹಳೆಯ ಕರವಸ್ತ್ರದಲ್ಲಿ. ಅದೇ ಗಂಟಿನಲ್ಲಿ ಒಂದು ಅಲ್ಯೂಮಿನಿಯಂ ಚಮಚವೂ ಇತ್ತು. ತುದಿ ಸವೆದು ಅರ್ಧ ಆಗಿತ್ತು.

"ಇದು ನನ್ನದಲ್ಲ. ಅಪ್ಪನದು."

ಮಿಲ್ಟ್ರಿ ಮನೆ ಎಂಬ ಹೆಸರು ಅಜ್ಜನಿಂದ ಬಂದಿದ್ದೇ ಅಲ್ಲ ಎಂದು ನನಗೆ ಆಗ ತಿಳಿಯಿತು. ಅವರ ಅಪ್ಪ ಮೈಸೂರು ಮಹಾರಾಜರ ಸೇನೆಯಲ್ಲಿದ್ದವರು. ಎರಡನೇ ಮಹಾಯುದ್ಧದಲ್ಲಿ ಮೈಸೂರು ಇನ್‌ಫೆಂಟ್ರಿಯ ಪಡೆಯನ್ನು ಸಿಂಗಪುರದ ಕಡೆ ಕಳಿಸಿದ್ದರು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಬಿತ್ತು. ಬ್ರಿಟಿಷರ ಕಡೆಯ ಸುಮಾರು 80 ಸಾವಿರ ಜನ ಒಟ್ಟಿಗೆ ಸೆರೆಯಾದರು. ಅದರಲ್ಲಿ ಈ ಆಲೂರು ಸೀಮೆಯ ರೈತನೂ ಒಬ್ಬ. ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು, ಕೆಲವರು ಸೆರೆಯಲ್ಲೇ ಉಳಿದರು. ಅಪ್ಪ ಸೆರೆಯಲ್ಲಿ ಉಳಿದವರು. ಯುದ್ಧ ಮುಗಿದ ಮೇಲೆ ಊರಿಗೆ ಬಂದಾಗ ಸ್ವಂತ ಅಣ್ಣನಿಗೇ ಗುರುತು ಸಿಗಲಿಲ್ಲವಂತೆ.

"ಅಲ್ಲಿ ಏನಾಯ್ತು ಅಂತ ಅಪ್ಪ ಒಂದು ದಿನವೂ ಹೇಳಲಿಲ್ಲ" ಎಂದರು ಅಜ್ಜ. "ಆದ್ರೆ ಈ ಮನೆಗೆ ಮರಗೆಣಸು ಬರಂಗಿರಲಿಲ್ಲ. ಸಂತೆಯಿಂದ ಯಾರಾದ್ರೂ ತಂದ್ರೆ ಎದ್ದು ಹೊರಗೆ ಹೋಗೋರು." ಆ ಕಾಲದಲ್ಲಿ ಸಿಂಗಪುರ, ಮಲಯದಲ್ಲಿ ಅಕ್ಕಿ ಇಲ್ಲದೆ ಜನ ಬದುಕಿದ್ದು ಮರಗೆಣಸಿನ ಮೇಲೆ. ಮಗ ಸೇನೆಗೆ ಹೊರಟಾಗ ಅಪ್ಪ ಬೇಡ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಚಮಚ ಕೊಟ್ಟು, "ಊಟ ಬಿಡಬೇಡ" ಎಂದರಂತೆ.

ಅಷ್ಟು ಹೊತ್ತು ಅವರೆಕಾಳು ಸುಲಿಯುತ್ತಿದ್ದ ಅಜ್ಜಿ ಎದ್ದು, "ಇವರು ಹೇಳೋದು ಇವರದ್ದು ಮಾತ್ರ" ಎನ್ನುತ್ತಾ ನನ್ನನ್ನು ಒಳಗೆ ಕರೆದರು. ತೊಟ್ಟಿಯ ಮೂಲೆಯ ಹಲಸಿನ ಕಂಬದ ಹಿಂಬದಿಗೆ ದೀಪ ಹಿಡಿದರು. ಕುಡುಗೋಲಿನಿಂದ ಹಾಕಿದ ಗೀರುಗಳು, ಒಂದರ ಕೆಳಗೆ ಒಂದು. ಅವು ಅಜ್ಜಿಯ ಅತ್ತೆಯದು. ಗಂಡನ ಕಾಗದ ನಿಂತ ಮೇಲೆ ಪ್ರತಿ ಅಮಾವಾಸ್ಯೆಗೆ ಒಂದು ಗೀರು. ಎರಡನೇ ವರ್ಷ ನೆಂಟರೆಲ್ಲ ಸೇರಿ ತಿಥಿ ಮಾಡಿಬಿಡೋಣ ಎಂದರಂತೆ. ಆ ಹೆಂಗಸು ಬಳೆ ತೆಗೆಯಲು ಒಪ್ಪಲಿಲ್ಲ. ಕುಡುಗೋಲು ತಂದು ಎಲ್ಲರೆದುರು ಆ ತಿಂಗಳ ಗೀರು ಹಾಕಿದರಂತೆ. ನಾನು ಎಣಿಸಿದೆ. 41 ಸಿಕ್ಕವು. ಬುಡದ ಕೆಲವನ್ನು ಗೆದ್ದಲು ತಿಂದಿದೆ.

ಬೆಂಗಳೂರಿಗೆ ಬಂದ ಮೇಲೆ ನೋಡಿದೆ. ಸಿಂಗಪುರ ಬಿದ್ದ ಆ ಫೆಬ್ರವರಿ 15 ಚೀನೀಯರ ಹೊಸ ವರ್ಷದ ದಿನ. ಅಂದರೆ ಅಮಾವಾಸ್ಯೆ. ಆಕೆಗೆ ಅದು ಹೇಗೆ ಗೊತ್ತಾಗಬೇಕು?

"ಮತ್ತೆ ಈ ಗಿಡ್ಡ ಕಂಬ?" ಎಂದು ಆಗ ಕೇಳಿದೆ.

"ಅದು ನನ್ನದು" ಎಂದರು ಅಜ್ಜಿ.

1971ರ ಅಕ್ಟೋಬರಿನಲ್ಲಿ ಅಜ್ಜ ರಜೆಯಲ್ಲಿದ್ದಾಗ ತಂತಿ ಬಂತು, ಕೂಡಲೇ ಹೊರಟು ಬಾ ಎಂದು. ಅಜ್ಜಿ ಆಗ ಐದು ತಿಂಗಳ ಬಸುರಿ. ಅತ್ತೆ ತವರಿಗೆ ಕಳಿಸುವಾಗ ಕೈಗೆ ಕುಡುಗೋಲು ಕೊಟ್ಟು ಹೇಳಿದರಂತೆ, "ಅಮಾವಾಸ್ಯೆ ಮರೀಬೇಡ." ಅಜ್ಜಿ ಮರೆಯಲಿಲ್ಲ.

ಕಾಗದ ಬರುತ್ತಿದ್ದವು. ಆದರೆ ಅದರಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. 56 ಎ.ಪಿ.ಒ. ಎಂಬ ಸೇನೆಯ ಅಂಚೆ ವಿಳಾಸ ಮಾತ್ರ. "ಇದು ಯಾವ ಊರಣ್ಣ ಅಂತ ಪೋಸ್ಟಿನವನನ್ನ ಕೇಳ್ದೆ. ಅದು ಊರಲ್ಲ ತಾಯಿ ಅಂದ. ಊರಲ್ಲದ ಕಡೆ ಮನುಷ್ಯ ಹೆಂಗಿರ್ತಾನೆ ಅಂತ ನನಗೆ ನಿದ್ದೇನೇ ಇಲ್ಲ." ಆ ದಿನಗಳಲ್ಲಿ ಹಳ್ಳಿಗೆ ತಂತಿ ಬಂತೆಂದರೆ ಸಾವು ಎಂದೇ ಅರ್ಥ. ಪೋಸ್ಟಿನವರ ಸೈಕಲ್ ಕೆರೆ ಏರಿ ಮೇಲೆ ಕಂಡರೆ ಸಾಕು, ಇವರ ಕೈಕಾಲು ತಣ್ಣಗಾಗುತ್ತಿದ್ದವು. ಅದನ್ನು ಒಂದು ದಿನ ಅವರೂ ನೋಡಿದರು. ಆಮೇಲೆ ಬರೀ ಕಾಗದ ಇದ್ದ ದಿನ ಏರಿ ಮೇಲಿಂದಲೇ ಎರಡು ಸಲ ಬೆಲ್ ಹೊಡೆಯುತ್ತಿದ್ದರಂತೆ. ಆ ಪುಣ್ಯಾತ್ಮ ತೀರಿಕೊಂಡಾಗ ಅಜ್ಜಿ ಮೂರು ಮೈಲಿ ನಡೆದು ಹೋಗಿ ಮುಖ ನೋಡಿ ಬಂದರು.

ಯುದ್ಧ ನಡೆದಿದ್ದು ಎರಡು ವಾರ. ಡಿಸೆಂಬರ್ 3ಕ್ಕೆ ಶುರು, 17ರ ರಾತ್ರಿ ಪಶ್ಚಿಮದಲ್ಲಿ ಕದನವಿರಾಮ. ಗಿಡ್ಡ ಕಂಬದಲ್ಲಿ ಗೀರು ಒಂಬತ್ತು. ಯುದ್ಧ ನಿಂತ ಮೇಲೂ ನೆಲದಲ್ಲಿ ಮೈನ್ ಇದ್ದೇ ಇರುತ್ತವೆ, ಸ್ಯಾಪರ್‌ಗಳಿಗೆ ಕೆಲಸ ಮುಗಿಯುವುದಿಲ್ಲ. ಅಜ್ಜ ಬಂದಾಗ ಮಗುವಿಗೆ ನಾಲ್ಕು ತಿಂಗಳು. ಆ ಮಗು ನನ್ನ ಗೆಳೆಯನ ಅಪ್ಪ.

ಆ ಕಂಬ ಇಲ್ಲಿಗೆ ಬಂದದ್ದು ಏಳು ವರ್ಷದ ನಂತರ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. 1979ರ ಹೊತ್ತಿಗೆ ಹಿನ್ನೀರು ಹಳ್ಳಿ ಹಳ್ಳಿಯನ್ನೇ ತುಂಬಿಕೊಳ್ಳುತ್ತಾ ಬಂತು. ಅಜ್ಜಿಯ ತವರೂ ಮುಳುಗುವ ಪಟ್ಟಿಯಲ್ಲಿತ್ತು. ಅವರಪ್ಪ ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಮಾರುತ್ತಿದ್ದರು. ಅಜ್ಜ ರಜೆ ಹಾಕಿ ಬಂದರು. ಮಾವನ ಹತ್ತಿರ ಬೇರೇನೂ ಕೇಳಲಿಲ್ಲ. ಒಂದು ಕಂಬ ಕೇಳಿದರು. ಎತ್ತಿನ ಗಾಡಿಯಲ್ಲಿ ಎರಡು ದಿನ ಪ್ರಯಾಣ ಮಾಡಿ ತಂದರು. ಗಿಡ್ಡವಾಯಿತು ಎಂದು ಬಡಗಿ ಮೇಲೊಂದು ತುಂಡು ಜೋಡಿಸಲು ಹೊರಟಾಗ ಬೇಡ ಅಂದು, ಕೆಳಗೆ ಕಲ್ಲು ಕೊಡಿಸಿದರು.

ಜಗಲಿಯಿಂದ ಅಜ್ಜ ಕೂಗಿದರು, "ಟಾರ್ಪಾಲ್ ತೆಗೀರೋ, ಒಳಗೆ ಬೆವರ್ತದೆ." ನಾವು ಕಣಕ್ಕೆ ಹೋದೆವು.

ಮೂರನೇ ದಿನ

ಬೆಳಿಗ್ಗೆ ಹೊರಡುವಾಗ ಅಜ್ಜ ಸಂಕದವರೆಗೆ ನಡೆದು ಬಂದರು. ಆನೆ ಎಲ್ಲಿದೆ ಎಂದು ಮೊಮ್ಮಗನ ಫೋನ್ ನೋಡಿ ಖಾತ್ರಿ ಮಾಡಿಕೊಂಡರು. ಪಿಂಚಣಿಗೆ ವರ್ಷ ವರ್ಷ ಕೊಡಬೇಕಾದ ಜೀವನ ಪ್ರಮಾಣ ಪತ್ರ ಸಲ್ಲಿಕೆ ಆಯಿತಾ ಎಂದು ಇನ್ನೊಮ್ಮೆ ಕೇಳಿದರು. ತೋಟದ ಕೆಲಸದಲ್ಲಿ ಅವರ ಹೆಬ್ಬೆರಳು ಸವೆದು ಗುರುತೇ ಹತ್ತುವುದಿಲ್ಲ. ಹಾಗಾಗಿ ಮೊಮ್ಮಗ ನವೆಂಬರಿನಲ್ಲೇ ಮುಖ ತೋರಿಸಿ ಮೊಬೈಲಿನಲ್ಲಿ ಮುಗಿಸಿದ್ದ. ಮನೆಯಲ್ಲಿ ಇಂಥ ಹಿರಿಯರಿದ್ದರೆ ಅದೇ ಸುಲಭ, ಬಿಸಿಲಿನಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ.

ಮಂಜರಾಬಾದ್ ಕೋಟೆ ನೋಡಿಕೊಂಡು ಹೋಗುವ ಯೋಚನೆ ಇತ್ತು. ಅಜ್ಜಿ ಬೇರೆ ಕೆಲಸ ಹೇಳಿದ್ದರು. "ಶೆಟ್ಟಿಹಳ್ಳಿ ಮೇಲೆ ಹೋಗಿ. ನೀರು ಎಷ್ಟಿದೆ ನೋಡಿ ಫೋನ್ ಮಾಡು."

ಶೆಟ್ಟಿಹಳ್ಳಿಯ ಇಗರ್ಜಿಯನ್ನು ಎಲ್ಲರೂ ಚಿತ್ರದಲ್ಲಿ ನೋಡಿರುತ್ತಾರೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಹಿನ್ನೀರು ಬಂದ ಮೇಲೆ ಜನ ಬಿಟ್ಟುಹೋದರು, ಗೋಡೆಗಳು ನಿಂತವು. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಇರಬಹುದು. ಮಳೆಗಾಲದಲ್ಲಿ ಮುಕ್ಕಾಲು ಮುಳುಗಿರುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆದಾಡಬಹುದು. ಆದರೆ ಕಮಾನುಗಳ ಕೆಳಗೆ ನಿಲ್ಲಬೇಡಿ, ಗೋಡೆ ಬಹಳ ಸಡಿಲವಾಗಿದೆ. ನಾವು ಹೋದಾಗ ಬುಡದ ತುಂಬ ನೀರಿತ್ತು. ಕಮಾನಿನ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಫೋಟೋ ತೆಗೆಸಿಕೊಳ್ಳಲು ಬಂದ ಮದುವೆ ಜೋಡಿಯೊಂದು ಗಾಳಿಗೆ ಸೆರಗು ಹಿಡಿಯಲಾಗದೆ ಪರದಾಡುತ್ತಿತ್ತು.

ದಡದ ಮೇಲೆ ಒಬ್ಬರು ಬಲೆ ಬಿಡಿಸುತ್ತಾ ಕೂತಿದ್ದರು. ಅಜ್ಜಿಯ ಊರಿನ ಹೆಸರು ಹೇಳಿದೆವು. ಅವರು ತಲೆ ಎತ್ತದೆ, ಇಗರ್ಜಿಯ ಬಲಕ್ಕೆ, ನೀರಿನ ನಡುವಿನ ಕಡೆ ಕೈ ತೋರಿಸಿದರು. "ಬೇಸಿಗೆ ಜೋರಾದ್ರೆ ಬಾವಿ ಕಟ್ಟೆ ಕಾಣ್ತದೆ. ಮೀನು ಅಲ್ಲೇ ಜಾಸ್ತಿ."

ಗೆಳೆಯ ವಿಡಿಯೋ ಕಾಲ್ ಮಾಡಿದ. ಅಜ್ಜಿಯ ಹಣೆ ಮಾತ್ರ ಕಾಣುತ್ತಿತ್ತು. ಹಿಂದೆ ಗಿಡ್ಡ ಕಂಬ. ಅವನು ಫೋನನ್ನು ನೀರಿನ ಕಡೆ ಹಿಡಿದ.

"ಇಗರ್ಜಿ ಗೊತ್ತಾಯ್ತು. ಅದು ಬೇಡ. ಆ ಕಡೆ ತಿರುಗಿಸು."

ತಿರುಗಿಸಿದ.

"ಹಾಂ. ಆ ದಿಣ್ಣೆ ಕಾಣ್ತದಲ್ಲ, ಅದರ ಕೆಳಗೆ ನಮ್ಮ ಕೆರೆ ಏರಿ. ಪೋಸ್ಟಿನವನು ಬರ್ತಿದ್ದ ಏರಿ."

ಬರೀ ನೀರಿತ್ತು. ಗಾಳಿಗೆ ಸಣ್ಣ ಅಲೆಗಳು ನಮ್ಮ ಕಡೆ ಬರುತ್ತಿದ್ದವು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಅಜ್ಜ ಪಕ್ಕದಲ್ಲೇ ಬಂದು ನಿಂತಿರಬೇಕು, ಅವರ ಕೆಮ್ಮು ಕೇಳಿಸಿತು.

"ಇನ್ನೂ ಸ್ವಲ್ಪ ಎಡಕ್ಕೆ ಹಿಡಿ ಮಗ" ಎಂದರು ಅಜ್ಜಿ. "ಇನ್ನೂ ಸ್ವಲ್ಪ. ಹಾಂ, ಅಲ್ಲೇ ಇರು."